ಸೂಲಗಿತ್ತಿಯಿಂದ ಬಿ.ಎಸ್ಸಿ. ನರ್ಸಿಂಗ್‌ವರೆಗೆ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವಾಗ ಹೆದ್ದಾರಿ ಪಕ್ಕ ಸಿಗುವ ಗೊಟಗೋಡಿ ನಿಮಗೆ ಗೊತ್ತಿರಬಹುದು. ರಾಕ್ ಗಾರ್ಡನ್ ನೋಡಲು ಇಳಿದವರೂ ಇರಬಹುದು. 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ಜಾನಪದ ಅಂದಕೂಡಲೇ ನಮಗೆ ಹಾಡು, ಕುಣಿತ ನೆನಪಾಗುತ್ತವೆ. ಸೂಲಗಿತ್ತಿ ನೆನಪಾಗುವುದು ಕಡಿಮೆ!

ಈ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಳ್ಳಿಯಲ್ಲಿ ಹೆರಿಗೆ ಅಂದರೆ ಸೂಲಗಿತ್ತಿಯೇ. ಬೇರೆ ಯಾರಿದ್ದರು ಹೇಳಿ? 1946ರ ಭೋರ್ ಸಮಿತಿ ವರದಿಯ ಲೆಕ್ಕದಲ್ಲಿ ದೇಶದ 43,000 ಜನಕ್ಕೆ ಒಬ್ಬ ನರ್ಸ್! ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶುರುವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶಾಲೆ ತೆರೆದದ್ದು 1860ರಲ್ಲಿ. ಅಲ್ಲಿಂದ ಇಲ್ಲಿ ಪದವಿಯಾಗಲು 86 ವರ್ಷ ಬೇಕಾಯಿತು.

ತಡವಾಗಲು ದುಡ್ಡೊಂದೇ ಕಾರಣವಲ್ಲ. ಮೈಲಿಗೆ, ರಕ್ತ, ರಾತ್ರಿ ಪಾಳಿ, ಪರಗಂಡಸರ ಸೇವೆ... ಇವೆಲ್ಲ "ಮರ್ಯಾದಸ್ಥ" ಮನೆಯ ಹೆಣ್ಣುಮಕ್ಕಳಿಗಲ್ಲ ಅನ್ನುವ ಮಾತು ಬಹಳ ಕಾಲ ನಡೆಯಿತು. ಆಗ ಈ ಕೆಲಸಕ್ಕೆ ಮುಂದೆ ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚು. ಕೇರಳದ ನರ್ಸ್‌ಗಳನ್ನು ನಾವು ಊರೂರಲ್ಲಿ ಕಾಣುವುದರ ಹಿಂದೆ ಈ ಚರಿತ್ರೆಯೂ ಇದೆ.

ನಮ್ಮ ಕಡೆ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಯಿತು. ಮುಂದೆ ಗಲ್ಲಿಗೊಂದು ನರ್ಸಿಂಗ್ ಕಾಲೇಜು ಅನ್ನುವಷ್ಟು ಎದ್ದವು! ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ ಅಂತ ವಿಚಾರಿಸುವುದು ಅದಕ್ಕೇ ಮುಖ್ಯ. ಹಾವೇರಿಗೇ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ.

ಪಿಯುಸಿ ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ಇದೆ. ಕಲಾ, ವಾಣಿಜ್ಯ ಓದಿದವರಿಗೂ ಮೂರು ವರ್ಷದ ಜಿಎನ್ಎಂ ಇದೆ. ಅದು ಮುಗಿದ ಮೇಲೆ ಎರಡು ವರ್ಷ ಓದಿದರೆ ಪದವಿ ಸಿಗುತ್ತದೆ. ಮುಂದೆ ಎಂ.ಎಸ್ಸಿ., ಬೋಧನೆ, ಐಸಿಯು, ಗಲ್ಫ್, ಇಂಗ್ಲೆಂಡ್... ದಾರಿಗಳು ಬಹಳ. 2018ರ ಆಯುಷ್ಮಾನ್ ಭಾರತ ಇನ್ನೊಂದು ದಾರಿ ತೆರೆಯಿತು. ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯ ಉಪಕೇಂದ್ರದಲ್ಲೇ ಬಿಪಿ, ಶುಗರ್ ತಪಾಸಣೆ ಮಾಡುತ್ತಾರೆ.

ಅಂದರೆ ಸೂಲಗಿತ್ತಿ ಇದ್ದ ಜಾಗಕ್ಕೇ ಪದವೀಧರೆ ಬಂದಿದ್ದಾಳೆ. ಆಸ್ಪತ್ರೆ ಹೆರಿಗೆ ತಾಯಿ-ಮಗುವಿಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾವಿರಾರು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಅವರು ತೀರಿಕೊಂಡ ವರ್ಷ. ಮಿಕ್ಕವರ ಹೆಸರು ಎಲ್ಲೂ ದಾಖಲಾಗಲಿಲ್ಲ.

ನಿಮ್ಮನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈ ಯಾರದು? ಅಜ್ಜಿಯನ್ನೋ ಅವ್ವನನ್ನೋ ಒಮ್ಮೆ ಕೇಳಿ ಬರೆದಿಡಿ. ಹೇಳುವವರು ಕಡಿಮೆಯಾಗುತ್ತಿದ್ದಾರೆ.