ಟಿವಿ ಸುಗಮ್ಯತಾ ನಿಯಮಗಳು (ಸೊಲ್ಲಾಪುರ, ಅಕ್ಕಲಕೋಟೆ)

ಕಿವಿ ಕೇಳದವರೂ ಕಣ್ಣು ಕಾಣದವರೂ ಟಿವಿ ಕಾರ್ಯಕ್ರಮಗಳನ್ನು ಅನುಸರಿಸಲು ಅಡಿಬರಹ, ಸನ್ನೆಭಾಷೆ, ಶ್ರವ್ಯ ವಿವರಣೆ ಒದಗಿಸಬೇಕೆನ್ನುವ ನಿಯಮಗಳು. ಪ್ರಸಾರ ಕೇಂದ್ರ ಸರ್ಕಾರದ ವಿಷಯ. ಹಾಗಾಗಿ ಮಹಾರಾಷ್ಟ್ರದ ಅಕ್ಕಲಕೋಟೆಗೂ ಕರ್ನಾಟಕದ ಬೆಂಗಳೂರಿಗೂ ಕಾನೂನು ಒಂದೇ.

ಇವಕ್ಕೆ ಆಧಾರ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ. ಅದರಂತೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಸೆಪ್ಟೆಂಬರ್‌ನಲ್ಲಿ ಮಾನದಂಡ ಹೊರಡಿಸಿತು: ಆರಂಭದಲ್ಲಿ ಸುದ್ದಿ ವಾಹಿನಿಗಳಲ್ಲಿ ದಿನಕ್ಕೊಂದು ವಾರ್ತೆ, ಉಳಿದವುಗಳಲ್ಲಿ ವಾರಕ್ಕೊಂದು ಕಾರ್ಯಕ್ರಮ ಅಡಿಬರಹ ಅಥವಾ ಸನ್ನೆಭಾಷೆಯೊಂದಿಗೆ ಬರಬೇಕು. ನೇರ ಪ್ರಸಾರದ ಕ್ರೀಡೆ, ಜಾಹೀರಾತುಗಳಿಗೆ ವಿನಾಯಿತಿ ಸಿಕ್ಕಿತು. ದೂರದರ್ಶನವಂತೂ 1987ರಲ್ಲೇ ಸನ್ನೆಭಾಷೆಯ ವಾರ್ತೆ ಆರಂಭಿಸಿತ್ತು.

ಈ ಎರಡು ರಾಜ್ಯಗಳ ಗಡಿಯಲ್ಲಿ ಅಡಿಬರಹದ ಪ್ರಶ್ನೆ ಇನ್ನಷ್ಟು ಜಟಿಲ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಮನೆಮಾತು ಕನ್ನಡವಾಗಿದ್ದು ಮರಾಠಿ ಶಾಲೆಯಲ್ಲಿ ಓದಿದವರಿದ್ದಾರೆ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಮರಾಠಿ ಅಕ್ಷರ ಮಾತ್ರ ಬಲ್ಲ ಶ್ರವಣದೋಷವುಳ್ಳವರಿಗೆ ಕನ್ನಡ ಧಾರಾವಾಹಿಯ ಕನ್ನಡ ಅಡಿಬರಹ ಎಟುಕದು. ಭಾರತೀಯ ಸನ್ನೆಭಾಷೆ ಬಲ್ಲವರಿಗೆ ಈ ಲಿಪಿಯ ಗೋಡೆ ಇಲ್ಲ. ಆದರೆ ಅದರ ವ್ಯಾಕರಣ ಕೈಯಲ್ಲಷ್ಟೇ ಅಲ್ಲ, ಹುಬ್ಬು, ತುಟಿ, ಮುಖಭಾವದಲ್ಲೂ ಇದೆ. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅವು ಕಾಣದಿದ್ದರೆ ಅರ್ಥವೇ ಕೆಡುತ್ತದೆ.

ಕಣ್ಣು ಕಾಣದವರ ಪಾಲಿಗೆ ಕೊರತೆ ದೊಡ್ಡದು. ನಾಯಕಿ ಪತ್ರ ಓದಿ ಸುಮ್ಮನೆ ಎದ್ದು ಹೋದರೆ ಅವರಿಗೆ ಕೇಳುವುದು ಹಿನ್ನೆಲೆ ಸಂಗೀತವಷ್ಟೇ. ಇಂಥ ದೃಶ್ಯವನ್ನು ಮಾತಿನಲ್ಲಿ ತಿಳಿಸುವ ಶ್ರವ್ಯ ವಿವರಣೆಯನ್ನು 42ನೇ ಕಲಂ ಹೆಸರಿಸಿದೆ. 2019ರ ಮಾನದಂಡ ಮಾತ್ರ ಶ್ರವಣದೋಷವುಳ್ಳವರಿಗಷ್ಟೇ ಸೀಮಿತ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಗೆ ಬರೀ ಶಿಫಾರಸು ಸಾಲದು, ಕಡ್ಡಾಯ ನಿಯಮ ಬೇಕೆಂದಿತು. ಆ ಕಡ್ಡಾಯದಲ್ಲಿ ಶ್ರವ್ಯ ವಿವರಣೆಯೂ ಸೇರಲೇಬೇಕು.