ಕ್ಲ್ಯಾಪಮ್ ನೆರೆಹೊರೆಯವರ ನಂಬಿಕೆ

ಮಹಾನಗರ ಸೇರಿದವರ ಶ್ರದ್ಧೆ ಮೆಲ್ಲಗೆ ಕರಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನನ್ನ ಸಂಶೋಧನೆಯ ಓದಿನಲ್ಲಿ ಈ ಮಾತಿಗೆ ಎದುರು ನಿಲ್ಲುವ ಉದಾಹರಣೆಯೊಂದು ಸಿಕ್ಕಿತು. ಅದು ಹದಿನೆಂಟನೆಯ ಶತಮಾನದ ಕೊನೆಯ ಲಂಡನ್ನಿನ ಇವ್ಯಾಂಜೆಲಿಕಲ್ ಕ್ರೈಸ್ತರದು.

ಹುಟ್ಟಿನಿಂದ ಬಂದ ಧರ್ಮ ಸಾಲದು, ಪ್ರತಿಯೊಬ್ಬರೂ ಒಳಗಿನಿಂದ ಬದಲಾಗಬೇಕು, ಬೈಬಲ್ ದಿನದ ಬದುಕನ್ನು ನಡೆಸಬೇಕು ಎನ್ನುವವರು ಇವರು. ಆಗಿನ ಲಂಡನ್ ಕಾನೂನಿನ ಪ್ರಕಾರ ಸೆಕ್ಯುಲರ್ ಅಲ್ಲ. ಚರ್ಚು ಪ್ರಭುತ್ವದ್ದೇ ಅಂಗ. ಆದರೆ ಸಿರಿವಂತರ ದಿನಚರಿ ಸಾಗುತ್ತಿದ್ದುದು ಕ್ಲಬ್ಬು, ಜೂಜು, ರಾಜಕಾರಣಗಳ ಸುತ್ತ. ಭಾನುವಾರ ಚರ್ಚಿಗೆ ಹೋಗುವುದು ಮರ್ಯಾದೆ. ಧರ್ಮವನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ನಗೆಪಾಟಲು.

ಇಂಥ ವಲಯದಲ್ಲಿದ್ದ ಸಂಸತ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ 1785ರಲ್ಲಿ ಮನಃಪರಿವರ್ತನೆ ಹೊಂದಿದ. ಆಗ ಅವನಿಗೆ ಇಪ್ಪತ್ತಾರು ವರ್ಷ. ರಾಜಕೀಯ ಬಿಡಬೇಕೇ ಎಂಬ ತೊಳಲಾಟದಲ್ಲಿ ಡಿಸೆಂಬರಿನಲ್ಲಿ ಪಾದ್ರಿ ಜಾನ್ ನ್ಯೂಟನ್‌ನ ಮನೆಗೆ ಗುಟ್ಟಾಗಿ ಹೋದ. ಒಳಗೆ ಹೋಗಲು ಧೈರ್ಯ ಸಾಲದೆ ಮೊದಲು ಅಲ್ಲಿನ ಚೌಕವನ್ನು ಸುತ್ತಿದನಂತೆ. ನ್ಯೂಟನ್ ಒಂದು ಕಾಲದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. ಸಾರ್ವಜನಿಕ ಜೀವನ ಬಿಡಬೇಡ ಎಂಬುದೇ ಅವನ ಸಲಹೆ. ವಿಲ್ಬರ್‌ಫೋರ್ಸ್ ಕ್ಲಬ್ಬುಗಳಿಂದ ಹೆಸರು ತೆಗೆಸಿದ, ಸಂಸತ್ತಿನಲ್ಲಿ ಉಳಿದ.

ಉಳಿಯುವುದು ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. 1792ರಲ್ಲಿ ಬ್ಯಾಂಕರ್ ಹೆನ್ರಿ ಥಾರ್ನ್‌ಟನ್ ಲಂಡನ್ನಿನ ಅಂಚಿನ ಕ್ಲ್ಯಾಪಮ್‌ನಲ್ಲಿ ಮನೆ ಕೊಂಡ. ವಿಲ್ಬರ್‌ಫೋರ್ಸ್ ಅಲ್ಲಿಯೇ ಬಂದಿದ್ದ. ಈಸ್ಟ್ ಇಂಡಿಯಾ ಕಂಪನಿಯ ಚಾರ್ಲ್ಸ್ ಗ್ರಾಂಟ್, ಜಕಾರಿ ಮೆಕಾಲೆ ಮುಂತಾದವರು ನೆರೆಯವರಾದರು. ಒಬ್ಬರ ಮನೆಗೊಬ್ಬರು ಹೋಗಿಬರುವುದು, ಕೂಡಿ ಪ್ರಾರ್ಥಿಸುವುದು, ಸಂಸತ್ತಿನ ತಂತ್ರ ಹೆಣೆಯುವುದು ಎಲ್ಲವೂ ಒಂದೇ ಬದುಕು. ಮದುವೆಗೆ ಮುಂಚೆ ಥಾರ್ನ್‌ಟನ್ ಆದಾಯದ ಏಳರಲ್ಲಿ ಆರು ಪಾಲನ್ನು ದಾನ ಮಾಡುತ್ತಿದ್ದ. ಸೋಲಿನ ಮೇಲೆ ಸೋಲು ಕಂಡ ಗುಲಾಮ ವ್ಯಾಪಾರ ನಿಷೇಧದ ಮಸೂದೆ 1807ರಲ್ಲಿ ಗೆದ್ದಿತು.

ಆದರೆ ಈ ನಂಬಿಕೆಗೆ ಕಾಣದ ಸಂಗತಿಗಳೂ ಇದ್ದವು. ಕಾರ್ಮಿಕರ ಸಂಘಟನೆಯನ್ನು ಹತ್ತಿಕ್ಕಿದ 1799ರ ಕಾಯ್ದೆಯನ್ನು ವಿಲ್ಬರ್‌ಫೋರ್ಸ್ ಬೆಂಬಲಿಸಿದ. 1813ರಲ್ಲಿ, ಭಾರತಕ್ಕೆ ಮಿಷನರಿಗಳನ್ನು ಬಿಡಬೇಕೆಂದು ವಾದಿಸುತ್ತ, ತಾನೆಂದೂ ನೋಡದ ನಾಡಿನ ಧರ್ಮವನ್ನು ಕ್ರೂರವೆಂದು ಜರೆದ. ಗುಲಾಮನಲ್ಲಿ ಸಹೋದರನನ್ನು ಕಂಡ ಕಣ್ಣಿಗೆ ಹಿಂದೂವಿನಲ್ಲಿ ಕಂಡದ್ದು ಉದ್ಧಾರಕ್ಕೆ ಕಾದಿರುವ ಅಜ್ಞಾನಿ ಮಾತ್ರ.

ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. ಆ ವಾದದಿಂದ ಬಾಗಿಲು ಅರ್ಧ ತೆರೆಯಿತು. 1833ರ ಚಾರ್ಟರ್ ಕಾಯ್ದೆಯ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿಯಾಯಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮೋಗ್ಲಿಂಗರ ‘ಮಂಗಳೂರು ಸಮಾಚಾರ’ (1843), ಕಿಟ್ಟೆಲರ ನಿಘಂಟು (1894) ಬಂದದ್ದು ಆ ದಾರಿಯಲ್ಲೇ. ಮತಾಂತರಕ್ಕೆಂದು ಬಂದವರು ನಮ್ಮ ಮಾತನ್ನು ಕಲಿಯಬೇಕಾಯಿತು, ಕಲಿಯುತ್ತ ಕೇಳಿಸಿಕೊಳ್ಳಬೇಕಾಯಿತು.

ನನಗೆ ಮುಖ್ಯವೆನಿಸುವುದು ಇಲ್ಲೇ. ನಗರದಲ್ಲಿ ನಂಬಿಕೆ ಉಳಿಯಲು ನಂಬುವ ನೆರೆಹೊರೆ ಬೇಕೆಂದು ಕ್ಲ್ಯಾಪಮ್ ತೋರಿಸಿತು. ಆದರೆ ಅದೊಂದೇ ನೆರೆಹೊರೆಯಾದರೆ, ಹೊರಗಿನವರ ಬಗ್ಗೆ ತಪ್ಪು ತಿಳಿದದ್ದನ್ನು ತಿದ್ದುವವರು ಯಾರೂ ಇರುವುದಿಲ್ಲ. ನಗರ ಕೊಡುವ ಇನ್ನೊಂದು ನೆರೆಯಿದೆ: ನಮ್ಮಂತೆ ನಂಬದವರ ಮನೆ. ಕ್ಲ್ಯಾಪಮ್‌ನವರು ಆ ಬಾಗಿಲನ್ನು ತಟ್ಟಿದ್ದು ಕಡಿಮೆ.