ಜ್ವರದ ಗೆರೆಯ ಕಥೆ

ಆಕಾಶವಾಣಿಯ ಹವಾ ವರದಿಯು ಊರಿನ ಸೆಕೆಯನ್ನು ಸೆಲ್ಸಿಯಸ್ ಡಿಗ್ರಿಗಳಲ್ಲಿ ಹೇಳುತ್ತದೆ. ಮನೆಯ ಮಗುವಿನ ಜ್ವರವನ್ನಾದರೋ ನಮ್ಮಲ್ಲಿ ಬಹುಮಂದಿ ಇಂದಿಗೂ ಫ್ಯಾರನ್‌ಹೀಟಿನಲ್ಲೇ ಎಣಿಸುತ್ತೇವೆ. ಒಂದೇ ಮನೆಯೊಳಗೆ ಬಳಕೆಯಲ್ಲಿರುವ ಈ ಎರಡು ಮಾನಗಳ ಚರಿತ್ರೆ ಸ್ವಾರಸ್ಯವಾದುದು.

1686ರಲ್ಲಿ ಡಾನ್‌ಜಿಗ್ ಪಟ್ಟಣದಲ್ಲಿ ಜನಿಸಿದ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟನು ಹಾಲೆಂಡಿನಲ್ಲಿ ನೆಲೆಸಿ ಉಷ್ಣಮಾಪಕಗಳನ್ನು ತಯಾರಿಸುತ್ತಿದ್ದನು. ಒಂದು ಮಾಪಕ ತೋರಿಸಿದುದನ್ನೇ ಮತ್ತೊಂದೂ ತೋರಿಸಬೇಕೆಂಬುದು ಅವನ ಹಂಬಲ. ಪಾದರಸವನ್ನು ಬಳಸಿ ಅದನ್ನು ಸಾಧಿಸಿದನು. ತನ್ನ ಮಾನವನ್ನು 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದನು: ಮಂಜುಗಡ್ಡೆ, ನೀರು, ನವಸಾಗರಗಳ ಮಿಶ್ರಣದ ಶೈತ್ಯಕ್ಕೆ 0, ಬರಿಯ ಮಂಜುಗಡ್ಡೆ ಮತ್ತು ನೀರಿಗೆ 32, ಆರೋಗ್ಯವಂತನ ದೇಹಕ್ಕೆ 96.

ಸ್ವೀಡನ್ನಿನ ಉಪ್ಸಾಲದಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಭಾಗಗಳ ಮಾನವನ್ನು ಮುಂದಿಟ್ಟನು. ಅವನ ಎಣಿಕೆ ತಲೆಕೆಳಗು: ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100! 1744ರಲ್ಲಿ ಅವನು ತೀರಿಕೊಂಡನು. ಇತರರು ಅದನ್ನು ಈಗಿನಂತೆ ತಿರುಗಿಸಿದರು. ಸೆಂಟಿಗ್ರೇಡ್ ಎಂದು ರೂಢಿಯಲ್ಲಿದ್ದ ಈ ಮಾನಕ್ಕೆ ಸೆಲ್ಸಿಯಸನ ಹೆಸರನ್ನು ಅಂತರರಾಷ್ಟ್ರೀಯ ಸಮ್ಮೇಳನವು ಅಂಗೀಕರಿಸಿದ್ದು 1948ರಲ್ಲಿ.

ನೀರು ಹೆಪ್ಪುಗಟ್ಟುವಲ್ಲಿಂದ ಕುದಿಯುವವರೆಗೆ ಸೆಲ್ಸಿಯಸಿನಲ್ಲಿ 100 ಮೆಟ್ಟಿಲು. ಫ್ಯಾರನ್‌ಹೀಟಿನಲ್ಲಿ 32ರಿಂದ 212ರವರೆಗೆ 180. ಆದುದರಿಂದ ಫ್ಯಾರನ್‌ಹೀಟಿನ ಅಂಕಿಯಲ್ಲಿ 32 ಕಳೆದು, 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಸೆಲ್ಸಿಯಸ್ ದೊರೆಯುತ್ತದೆ. ಹಿಂದಿರುಗಿ ಬರಬೇಕಾದರೆ 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಬೇಕು.

ಈ ಸರಳ ಲೆಕ್ಕವೇ ಒಂದು ಭ್ರಮೆಗೂ ಕಾರಣವಾಯಿತು. ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್ಲಿಖ್ ಸುಮಾರು 25,000 ರೋಗಿಗಳ ಮೈಕಾವನ್ನು ಪರಿಶೀಲಿಸಿ 1868ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಆರೋಗ್ಯವಂತರ ಸರಾಸರಿ ಕಾವು 37 ಡಿಗ್ರಿ ಸೆಲ್ಸಿಯಸ್ ಎಂಬುದು ಅವನ ನಿರ್ಣಯ. ಆ 37ನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದರೆ 98.6 ಆಗುತ್ತದೆ. ಅನೇಕ ಗಾಜಿನ ಜ್ವರಮಾಪಕಗಳಲ್ಲಿ ಬಾಣದ ಗುರುತು ಬಿದ್ದುದು ಇದೇ ಗೆರೆಗೆ. ಅದರ ಕೊನೆಯ ದಶಾಂಶ ಗುಣಾಕಾರದಿಂದ ಬಂದುದೇ ಹೊರತು ಮನುಷ್ಯದೇಹದ ಕಟ್ಟಳೆಯಲ್ಲ.

ಮೈಕಾವು ಬೆಳಗ್ಗೆ ಇಳಿದು ಸಂಜೆ ಏರುವುದನ್ನು ವುಂಡರ್ಲಿಖನೇ ಗುರುತಿಸಿದ್ದನು. ಸಹಜವಾದ ಕಾವಿನ ಮೇಲಿನ ಎಲ್ಲೆ ಅವನ ಪ್ರಕಾರ 38, ಅಂದರೆ 100.4 ಫ್ಯಾರನ್‌ಹೀಟ್. 1992ರಲ್ಲಿ ಅಮೆರಿಕದಲ್ಲಿ 148 ಮಂದಿ ಆರೋಗ್ಯವಂತರನ್ನು ಅಳೆದಾಗ ಸರಾಸರಿ 98.2 ಬಂದಿತು.

ಸಂಜೆ ಮಗುವಿನ ಮೈ 99 ತೋರಿತೆಂದ ಮಾತ್ರಕ್ಕೆ ತಾಯಿ ಗಾಬರಿಪಡಬೇಕಾಗಿಲ್ಲ, 98.6 ಇದೆಯೆಂದು ಸೊರಗಿದ ಮಗುವನ್ನು ಅಲಕ್ಷಿಸುವುದೂ ಸಲ್ಲದು. ಅಂಕಿಯ ಜೊತೆಗೆ ಮಗುವಿನ ಮುಖವನ್ನೂ ನೋಡಬೇಕು. ಸಂದೇಹವಾದರೆ ವೈದ್ಯರಿಗೆ ತೋರಿಸಬೇಕು.